ಗಿಲಾವು ಕಾಣದ ಗೋಡೆಗಳು

ನಮ್ಮಪ್ಪ ದಾವಣಗೆರೆಯಲ್ಲಿ ಸೆಂಟ್ರಿಂಗ್ ಮೇಸ್ತ್ರಿ. ಮೋಲ್ಡ್ ಹಾಕುವ ದಿನವೆಂದರೆ ಮನೆ ಕಟ್ಟಿಸುವವರಿಗೆ ಹಬ್ಬ, ಕೆಲಸದವರಿಗೆಲ್ಲ ಊಟ, ಸಿಹಿ. ಅಪ್ಪನಿಗೆ ಮಾತ್ರ ಅದಕ್ಕಿಂತ ಹಲಗೆ ಬಿಚ್ಚುವ ದಿನ ದೊಡ್ಡದು. ಅವತ್ತು ಬೆಳಗ್ಗೆಯಿಂದ ಯಾರ ಜೊತೆಗೂ ಹೆಚ್ಚು ಮಾತಿಲ್ಲ. ಸರ್ವೆ ಕಂಬಗಳನ್ನು ಒಂದೊಂದಾಗಿ ಸಡಿಲಿಸಿ ಹಲಗೆಗಳೆಲ್ಲ ಕೆಳಗಿಳಿದ ಮೇಲೆ, ತಲೆಗೆ ಸುತ್ತಿದ ಟವೆಲನ್ನು ಬಿಚ್ಚಿ ಕೈಯಲ್ಲಿ ಹಿಡಿದು, ಛಾವಣಿಯ ತಳವನ್ನು ಮೂಲೆಯಿಂದ ಮೂಲೆಗೆ ನೋಡುತ್ತಿದ್ದರು. ಎಲ್ಲಾದರೂ ಸಿಮೆಂಟ್ ಹಾಲು ಸೋರಿಹೋಗಿ ಜಲ್ಲಿ ಹಲ್ಲು ಬಿಟ್ಟುಕೊಂಡಿದ್ದರೆ ಅವತ್ತು ಅವರಿಗೆ ಊಟ ಸೇರುತ್ತಿರಲಿಲ್ಲ. ಜೊತೆಗಿದ್ದ ಹುಡುಗರು, “ಬಿಡ್ರಿ ಮೇಸ್ತ್ರಿ, ಗಿಲಾವಿನಾಗ ಮುಚ್ಚಿ ಹೋಗ್ತತಿ” ಎಂದು ಸಮಾಧಾನ ಹೇಳುತ್ತಿದ್ದರು.

ಆ ಮಾತನ್ನು ನಾನು ಆಮೇಲೆ ಮೂವತ್ತೆರಡು ವರ್ಷ ಕೇಳಿದೆ. ಸಿವಿಲ್ ಇಂಜಿನಿಯರ್ ಆಗಿ ಶಾಲೆ, ಆಸ್ಪತ್ರೆ, ವಸತಿಗೃಹ, ಸಮುದಾಯ ಭವನ ಎಷ್ಟೋ ಕಟ್ಟಿಸಿದೆ. ಕಂಬ ಅರ್ಧ ಇಂಚು ವಾಲಿತೇ? ಗಿಲಾವು ಇದೆ. ತೊಲೆಯ ಅಂಚು ಮುಕ್ಕಾಯಿತೇ? ಗಿಲಾವು ಇದೆ. ಗೋಡೆ ಹೇಗಿದ್ದರೂ ಕೊನೆಗೆ ಅದರ ಮೇಲೆ ಮುಕ್ಕಾಲು ಇಂಚು ಗಾರೆ, ಅದರ ಮೇಲೆ ಪಟ್ಟಿ, ಅದರ ಮೇಲೆ ಬಣ್ಣ. ಒಳಗಿನ ಗೋಡೆಯನ್ನು ಕಟ್ಟಿದ ಕೈ ಯಾವುದು, ಅದು ಶ್ರದ್ಧೆಯಿಂದ ಕಟ್ಟಿತೋ ಅವಸರದಿಂದ ಕಟ್ಟಿತೋ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ.

ಹಾಗಾಗಿ, ಗಿಲಾವು ಮಾಡದೆ, ಬಣ್ಣ ಹೊಡೆಯದೆ, ಹಲಗೆ ಬಿಚ್ಚಿದ ದಿನದ ಕಾಂಕ್ರೀಟನ್ನೇ ಲೋಕಕ್ಕೆ ತೋರಿಸುತ್ತ ನಿಂತಿರುವ ಎರಡು ಮ್ಯೂಸಿಯಂಗಳನ್ನು ಅಮೆರಿಕದ ಟೆಕ್ಸಸ್‌ನಲ್ಲಿ ನೋಡಿದಾಗ ನನಗೆ ಮೊದಲು ನೆನಪಾದದ್ದು ಅಪ್ಪ, ಅವರ ಕೈಯಲ್ಲಿನ ಟವೆಲು.

ಮಗಳ ಸಂಸಾರ ಡಲ್ಲಾಸ್ ಹತ್ತಿರದ ಪ್ಲೇನೊದಲ್ಲಿದೆ. ನಾನೂ ನಮ್ಮ ಮನೆಯವರೂ ಅಲ್ಲಿಗೆ ಹೋದಾಗಲೆಲ್ಲ ಶನಿವಾರ ಭಾನುವಾರ ಏನು ತೋರಿಸಬೇಕೆಂಬುದು ಅವಳ ಚಿಂತೆ. “ಅಪ್ಪಾ, ನಿಮಗೆ ಒಳ್ಳೇ ಕಾಂಕ್ರೀಟ್ ತೋರಿಸ್ತೀನಿ, ಬನ್ನಿ” ಎಂದು ಒಂದು ಶನಿವಾರ ಹೊರಡಿಸಿದಳು. ಡಲ್ಲಾಸ್‌ನಿಂದ ಪಶ್ಚಿಮಕ್ಕೆ ಸುಮಾರು 50 ಕಿ.ಮೀ. ದೂರದಲ್ಲಿ ಫೋರ್ಟ್ ವರ್ತ್ ಎಂಬ ಊರು. ಒಂದು ಕಾಲಕ್ಕೆ ದನಗಳ ದೊಡ್ಡ ಸಂತೆ ನೆರೆಯುತ್ತಿದ್ದ ಊರದು. ಈಗ ಅಲ್ಲಿ ಒಂದೇ ಬಡಾವಣೆಯಲ್ಲಿ, ನಡೆದು ಹೋಗುವಷ್ಟು ಹತ್ತಿರದಲ್ಲಿ, ಒಂದಕ್ಕೊಂದು ಎದುರುಬದುರಾಗಿ ಕಿಂಬೆಲ್ ಆರ್ಟ್ ಮ್ಯೂಸಿಯಂ ಮತ್ತು ಮಾಡರ್ನ್ ಆರ್ಟ್ ಮ್ಯೂಸಿಯಂ ಇವೆ. ಮೊದಲನೆಯದು 1972ರಲ್ಲಿ ತೆರೆಯಿತು. ಕಟ್ಟಿದವರು ಲೂಯಿ ಕಾನ್. ಎರಡನೆಯದರ ಈಗಿನ ಕಟ್ಟಡ 2002ರದು; ಅದು ಜಪಾನಿನ ಟಾಡಾವೊ ಆಂಡೊ ಅವರದು. ನಡುವೆ ಮೂವತ್ತು ವರ್ಷ. ಎರಡೂ ಕಾಂಕ್ರೀಟ್.

ಕಿಂಬೆಲ್‌ನ ಹೊರಗೆ ಕಾರಿನಿಂದಿಳಿದಾಗ ನಮ್ಮ ಮನೆಯವರು ಹೇಳಿದ ಮೊದಲ ಮಾತು: “ಇದೇನ್ರೀ, ಗೋಡೌನ್ ಇದ್ದಂಗೆ ಐತಿ?” ಆ ಮಾತಿನಲ್ಲಿ ತಪ್ಪಿಲ್ಲ. ಗೋಪುರವಿಲ್ಲ, ಮೆಟ್ಟಿಲ ಸಾಲಿನ ವೈಭವವಿಲ್ಲ. ಉದ್ದುದ್ದ ಕಮಾನು ಛಾವಣಿಗಳು ಒಂದರ ಪಕ್ಕ ಒಂದು, ದಬ್ಬಾಕಿದ ದೋಣಿಗಳಂತೆ. ಒಟ್ಟು 16. ಪ್ರತಿಯೊಂದೂ 100 ಅಡಿ ಉದ್ದ, 23 ಅಡಿ ಅಗಲ, 20 ಅಡಿ ಎತ್ತರ. ಮೇಲೆ ಸೀಸದ ಹೊದಿಕೆ. ಕಾರು ನಿಲ್ಲಿಸುವ ಜಾಗ ಪೂರ್ವದ ಕಡೆ ಇದ್ದುದರಿಂದ ಕೆಳಮಹಡಿಯಿಂದ ಒಳಹೊಕ್ಕೆವು. ಅಲ್ಲಿ ಸ್ವಲ್ಪ ಮಬ್ಬು. ಮೆಟ್ಟಿಲು ಹತ್ತಿ ಮೇಲೆ ಬಂದೆವು, ಮತ್ತು ನಾಲ್ವರೂ ಮಾತು ನಿಲ್ಲಿಸಿದೆವು.

ಬೆಳಕು. ಅದು ಬಲ್ಬಿನದಲ್ಲ, ಕಿಟಕಿಯದೂ ಅಲ್ಲ. ಆ ಒರಟು ಬೂದುಬಣ್ಣದ ಕಾಂಕ್ರೀಟ್ ಕಮಾನಿನ ಒಳಮೈಯೇ ಬೆಳಗುತ್ತಿತ್ತು, ಈಗಷ್ಟೇ ಹುಣಸೆಹಣ್ಣು ಹಾಕಿ ಉಜ್ಜಿದ ಬೆಳ್ಳಿ ತಟ್ಟೆಯ ಹಾಗೆ. ನಾವು ನಿಂತಿದ್ದಾಗಲೇ ಹೊರಗೆ ಎಲ್ಲೋ ಒಂದು ಮೋಡ ಹಾದುಹೋಗಿರಬೇಕು. ಇಡೀ ಸಾಲು ಸ್ವಲ್ಪ ಕಂದಿ, ಮತ್ತೆ ತುಂಬಿಕೊಂಡಿತು. ಟೆಕ್ಸಸ್‌ನ ಬಿಸಿಲು ನಮ್ಮ ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಕಮ್ಮಿಯಿಲ್ಲ. ಆ ಬಿಸಿಲು ಒಳಗೆ ಬರುವಷ್ಟರಲ್ಲಿ ಹೀಗೆ ಬೆಳದಿಂಗಳಾಗಿದ್ದು ಹೇಗೆ ಎಂದು ತಲೆ ಎತ್ತಿ ನೋಡುತ್ತ ನಿಂತೆ. ಗೋಡೆಯ ಮೇಲಿನ ಚಿತ್ರಗಳನ್ನು ನೋಡಲು ಶುರುಮಾಡಿದ್ದು ಅರ್ಧ ಗಂಟೆಯ ಮೇಲೆ.

ಚಿತ್ರಗಳ ಮನೆಯಲ್ಲಿ ಬೆಳಕು ಎಷ್ಟು ಕಷ್ಟದ ವಸ್ತು ಎಂಬುದನ್ನು ಇಲ್ಲಿ ಹೇಳಬೇಕು. ಬಿಸಿಲಿಗೆ ಬಣ್ಣ ಮಾಸುತ್ತದೆ. ವರ್ಷಗಟ್ಟಲೆ ಬಾಗಿಲಿಗೆ ತೂಗುಬಿಟ್ಟ ಪರದೆಯನ್ನು ನೋಡಿದವರಿಗೆ ಇದು ಗೊತ್ತು. ನಡುಮಧ್ಯಾಹ್ನದ ಬಯಲಿನಲ್ಲಿ ಬೆಳಕಿನ ಅಳತೆ ಸುಮಾರು 1,00,000 ಲಕ್ಸ್ ಇದ್ದರೆ, ತೈಲವರ್ಣದ ಚಿತ್ರಕ್ಕೆ 200 ಲಕ್ಸ್ ಆಸುಪಾಸು ಸಾಕು, ಕಾಗದದ ಮೇಲಿನ ಚಿತ್ರಕ್ಕೆ 50 ಲಕ್ಸ್ ದಾಟಬಾರದು ಎಂಬುದು ಮ್ಯೂಸಿಯಂನವರು ಪಾಲಿಸುವ ರೂಢಿ. ಅದಕ್ಕೇ ಹೆಚ್ಚಿನ ಕಡೆ ಕಿಟಕಿಗಳನ್ನೇ ಮುಚ್ಚಿ, ದೀಪ ಹಚ್ಚಿ, ಒಳಗೆ ಹೋದವರಿಗೆ ಹಗಲೋ ರಾತ್ರಿಯೋ ತಿಳಿಯದಂತೆ ಮಾಡಿಬಿಡುತ್ತಾರೆ. ಕಿಂಬೆಲ್‌ನ ಮೊದಲ ನಿರ್ದೇಶಕ ರಿಚರ್ಡ್ ಬ್ರೌನ್ ಅವರಿಗೆ ಇದು ಬೇಡವಾಗಿತ್ತು. ವಾಸ್ತುಶಿಲ್ಪಿಯನ್ನು ಗೊತ್ತುಮಾಡುವ ಮೊದಲೇ ಅವರು ತಮಗೇನು ಬೇಕೆಂದು ಬರೆದಿಟ್ಟಿದ್ದರು: ಸಹಜ ಬೆಳಕು ಮುಖ್ಯವಾಗಿರಬೇಕು, ಹೊರಗಿನ ಹವೆ ಬದಲಾದದ್ದು ಒಳಗಿನವರಿಗೆ ತಿಳಿಯಬೇಕು. 1966ರಲ್ಲಿ ಕೆಲಸ ಕಾನ್ ಅವರ ಕೈಗೆ ಬಂತು. ಕಾನ್ ಮೊದಲು ತಂದ ನಕ್ಷೆ ಇನ್ನೂ ದೊಡ್ಡದು, ಕಮಾನುಗಳು ಇನ್ನೂ ಎತ್ತರ. ಅಷ್ಟು ಎತ್ತರದ ಸೂರಿನಡಿ ಮನುಷ್ಯ ಕುಗ್ಗಿಹೋಗುತ್ತಾನೆ ಎಂದು ಬ್ರೌನ್ ತಕರಾರು ತೆಗೆದರು. ಕಾನ್ ಮತ್ತೆ ಬರೆದರು. ಕಟ್ಟಿಸುವವನ ಈ ಹಟ ಇಲ್ಲದಿದ್ದರೆ ಇಂಥ ಕಟ್ಟಡ ಆಗುತ್ತಿರಲಿಲ್ಲ. ನಾನು ಕಂಡ ಒಳ್ಳೆಯ ಕಟ್ಟಡಗಳ ಹಿಂದೆಲ್ಲ ಇಂಥ ಒಬ್ಬ ಹಟಮಾರಿ ಮಾಲೀಕರು ಇದ್ದೇ ಇದ್ದರು.

ಇನ್ನು ಆ ಸೂರು. ಪ್ರತಿ ಕಮಾನಿನ ನೆತ್ತಿಯಲ್ಲಿ ಉದ್ದಕ್ಕೂ ಎರಡೂವರೆ ಅಡಿ ಅಗಲದ ಸೀಳು ಬಿಟ್ಟಿದ್ದಾರೆ. ಬಿಸಿಲು ಅಲ್ಲಿಂದ ಇಳಿಯುತ್ತದೆ. ಇಳಿದು ನೇರವಾಗಿ ಕೆಳಗೆ ಬಂದರೆ ಚಿತ್ರಗಳ ಗತಿ ಮುಗಿಯಿತು. ಅದಕ್ಕೆ ಸೀಳಿನ ಕೆಳಗೆ, ಹಕ್ಕಿ ಎರಡೂ ರೆಕ್ಕೆ ಬಿಚ್ಚಿ ಹಾರುವಂತೆ, ಸಣ್ಣ ಸಣ್ಣ ತೂತುಗಳಿರುವ ಅಲ್ಯೂಮಿನಿಯಂ ತಗಡನ್ನು ತೂಗುಹಾಕಿದ್ದಾರೆ. ಬೆಳಕು ಆ ತಗಡಿಗೆ ಬಡಿದು ಮತ್ತೆ ಮೇಲಕ್ಕೆ ಹಾರಿ ಕಾಂಕ್ರೀಟಿನ ಒಳಮೈಗೆ ಹರಡಿಕೊಂಡು, ಅಲ್ಲಿಂದ ಮೆಲ್ಲಗೆ ಗೋಡೆಗಿಳಿಯುತ್ತದೆ. ಈ ತಗಡಿನ ಆಕಾರ ಲೆಕ್ಕ ಹಾಕಿದವರು ಬೆಳಕಿನ ವಿನ್ಯಾಸಕಾರ ರಿಚರ್ಡ್ ಕೆಲ್ಲಿ. ಬಿಳಿ ಸುಣ್ಣ ಬಳಿದ ಸೂರಾಗಿದ್ದರೆ ಬೆಳಕು ಕಣ್ಣು ಕುಕ್ಕುತ್ತಿತ್ತು. ಬೂದಿ ಬಣ್ಣದ ಕಾಂಕ್ರೀಟ್ ಅದರ ಅರ್ಧ ಕಾವನ್ನು ತಾನು ನುಂಗಿ, ಮಿಕ್ಕದ್ದನ್ನು ಬೆಳ್ಳಿಯಾಗಿ ಕೊಡುತ್ತದೆ. ಕಾನ್ ಕೂಡ ಅದನ್ನು ಬೆಳ್ಳಿಯ ಬೆಳಕೆಂದೇ ಕರೆಯುತ್ತಿದ್ದರಂತೆ. ಗಿಲಾವು ಬೇಡವೆಂದದ್ದು ಬರೀ ಸಿದ್ಧಾಂತಕ್ಕಲ್ಲ, ಈ ಬೆಳಕಿಗಾಗಿಯೂ ಹೌದು.

ಇಂಜಿನಿಯರ್ ಕಣ್ಣಿಗೆ ಇದಕ್ಕಿಂತ ದೊಡ್ಡ ಬೆರಗು ಬೇರೆ ಇದೆ. ಕಮಾನಿಗೆ ಜೀವ ಇರುವುದು ನೆತ್ತಿಯ ಕಲ್ಲಿನಲ್ಲಿ. ಹಳೆಯ ಸೇತುವೆಯ ಕಮಾನಿನಿಂದ ಆ ಒಂದು ಕಲ್ಲನ್ನು ಕಿತ್ತರೆ ಇಡೀ ಕಮಾನು ಕುಸಿಯುತ್ತದೆ. ಇಲ್ಲಿ ಕಾನ್ ನೆತ್ತಿಯನ್ನೇ ಸೀಳಿದ್ದಾರೆ! ಹಾಗಾದರೆ ನಿಂತಿದ್ದು ಹೇಗೆ? ಉತ್ತರ ಏನೆಂದರೆ, ಅದು ಕಮಾನಿನಂತೆ ಕಂಡರೂ ಕಮಾನಲ್ಲ, ತೊಲೆ. ಒಂದು ಪೋಸ್ಟ್‌ಕಾರ್ಡನ್ನು ಎರಡು ತುದಿ ಹಿಡಿದು ಚಪ್ಪಟೆಯಾಗಿ ಚಾಚಿದರೆ ನಡುವೆ ಬಾಗುತ್ತದೆ. ಅದನ್ನೇ ಉದ್ದಕ್ಕೆ ಸ್ವಲ್ಪ ಮಡಿಸಿ ಡೊಂಕು ಮಾಡಿ ಹಿಡಿಯಿರಿ, ಮೇಲೆ ಪೆನ್ನಿಟ್ಟರೂ ಬಾಗುವುದಿಲ್ಲ. ಕಿಂಬೆಲ್‌ನ ಸೂರು ಹಾಗೆ ಡೊಂಕಾದ ಕಾಂಕ್ರೀಟ್ ಹಾಳೆ. 100 ಅಡಿ ಉದ್ದದ ಈ ಹಾಳೆ ನಾಲ್ಕು ಮೂಲೆಯ ನಾಲ್ಕೇ ಕಂಬಗಳ ಮೇಲೆ ಕೂತಿದೆ. ಕಂಬಗಳು 2 ಅಡಿ ಚೌಕ. ನಡುವೆ ಒಂದೂ ಆಸರೆಯಿಲ್ಲ. ಆಗಸ್ಟ್ ಕೊಮೆಂಡಂಟ್ ಎಂಬ ಇಂಜಿನಿಯರ್ ಇದನ್ನು ಸಾಧ್ಯಮಾಡಿದರು. ಕಾಂಕ್ರೀಟಿನೊಳಗೆ ಉಕ್ಕಿನ ಹಗ್ಗಗಳನ್ನು ಹಾಯಿಸಿ, ಕಾಂಕ್ರೀಟ್ ಗಟ್ಟಿಯಾದ ಮೇಲೆ ಜಾಕ್ ಹಾಕಿ ಎಳೆದು ಬಿಗಿದರು. ಲಾರಿಯಿಂದ ಇಟ್ಟಿಗೆ ಇಳಿಸುವವರನ್ನು ನೋಡಿದ್ದೀರಲ್ಲ? ನಾಲ್ಕೈದು ಇಟ್ಟಿಗೆಯ ಸಾಲನ್ನು ಎರಡೂ ಅಂಗೈಯಿಂದ ಒತ್ತಿ ಹಿಡಿದು ಎತ್ತುತ್ತಾರೆ. ನಡುವಿನ ಇಟ್ಟಿಗೆ ಬೀಳುವುದಿಲ್ಲ. ಆ ಅಂಗೈಗಳ ಕೆಲಸವನ್ನು ಇಲ್ಲಿ ಉಕ್ಕಿನ ಹಗ್ಗ ಮಾಡುತ್ತಿದೆ.

ಆ ಡೊಂಕಿಗೂ ಒಂದು ಹೆಸರಿದೆ, ಸೈಕ್ಲಾಯ್ಡ್. ಎತ್ತಿನ ಗಾಡಿಯ ಚಕ್ರದ ಅಂಚಿಗೆ ಕೆಸರಿನ ಗುರುತು ಹಚ್ಚಿ ಗಾಡಿ ಹೊಡೆದರೆ ಆ ಗುರುತು ನೆಲದಿಂದೆದ್ದು, ಮೇಲೇರಿ, ಮುಂದೆ ಸಾಗಿ ಮತ್ತೆ ನೆಲ ಮುಟ್ಟುವ ದಾರಿ ಇದೆಯಲ್ಲ, ಅದೇ. ಅರ್ಧವೃತ್ತಕ್ಕಿಂತ ತಗ್ಗು, ಆದರೆ ಬದಿಗಳಲ್ಲಿ ನೆಟ್ಟಗೆ ಏಳುತ್ತದೆ. ಅದರಿಂದಾಗಿ ಎತ್ತರ ಹೆಚ್ಚಿಸದೆ ಒಳಗೆ ಅಗಲ ಸಿಕ್ಕಿತು, ಬ್ರೌನ್ ಅವರ ತಕರಾರಿಗೆ ಉತ್ತರವೂ ಸಿಕ್ಕಿತು. ಇದನ್ನು ಸೂಚಿಸಿದವರು ಕಾನ್ ಕಚೇರಿಯಲ್ಲಿದ್ದ ಮಾರ್ಷಲ್ ಮೇಯರ್ಸ್.

ಭಾರ ಹೊರದ ಗೋಡೆಗಳಿಗೆಲ್ಲ ಇಟಲಿಯ ಟ್ರಾವರ್ಟೀನ್ ಕಲ್ಲಿನ ಹೊದಿಕೆ. ಭಾರ ಹೊರುವುದೆಲ್ಲ ಬರಿಮೈ ಕಾಂಕ್ರೀಟ್. ಗೋಡೆಗೂ ಸೂರಿಗೂ ನಡುವೆ ಗಾಜಿನ ಸಣ್ಣ ಪಟ್ಟಿಯಷ್ಟು ಸಂದು ಬಿಟ್ಟಿದ್ದಾರೆ. ಯಾವುದು ಹೊರುತ್ತಿದೆ, ಯಾವುದು ಬರೀ ಮರೆಯಾಗಿ ನಿಂತಿದೆ ಎಂಬುದು ಓದು ಬಾರದವನಿಗೂ ಕಾಣುತ್ತದೆ. ಒಂದು ಕಟ್ಟಡ ತನ್ನ ಲೆಕ್ಕವನ್ನು ಹೀಗೆ ಬಿಚ್ಚಿ ತೋರಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಾನ್ 1901ರಲ್ಲಿ ಎಸ್ಟೋನಿಯಾದಲ್ಲಿ ಹುಟ್ಟಿದವರು. ಮೂರು ವರ್ಷದ ಮಗುವಾಗಿದ್ದಾಗ ಒಲೆಯ ಕೆಂಡದ ಬೆಳಕಿಗೆ ಮರುಳಾಗಿ ಕೆಂಡವನ್ನೆತ್ತಿ ಮಡಿಲಿಗೆ ಹಾಕಿಕೊಂಡು ಮುಖವೆಲ್ಲ ಸುಟ್ಟುಕೊಂಡರು. ಆ ಕಲೆ ಕೊನೆಯವರೆಗೂ ಉಳಿಯಿತು. ಆಮೇಲೆ ಸಂಸಾರ ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೋಯಿತು. ನಮ್ಮ ದೇಶಕ್ಕೂ ಅವರಿಗೂ ಹತ್ತಿರದ ನಂಟು. ಬಾಲಕೃಷ್ಣ ದೋಶಿ ಅವರ ಒತ್ತಾಸೆಯಿಂದ ಅಹಮದಾಬಾದಿನ ಐಐಎಂ ಕಟ್ಟಡಗಳ ವಿನ್ಯಾಸಕ್ಕೆ ಬಂದರು. ಆ ಕೆಲಸ ನೋಡಿಕೊಂಡು ಹಿಂದಿರುಗುವಾಗಲೇ 1974ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ರೈಲು ನಿಲ್ದಾಣದಲ್ಲಿ ಹೃದಯಾಘಾತವಾಗಿ ತೀರಿಕೊಂಡರು. ಕಿಂಬೆಲ್ ತೆರೆದು ಆಗ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ದೋಶಿ ಮುಂದೆ ನಮ್ಮ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಕಟ್ಟಿದರು. ಅಲ್ಲಿನ ಕರಿಬೂದು ಕಲ್ಲಿನ ಗೋಡೆಗಳಿಗೂ ಗಿಲಾವು ಇಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಅಲ್ಲಿಗೆ ಹೋಗಿದ್ದೆ. ಕಲ್ಲಿನ ಓಣಿಗಳಲ್ಲಿ ಪೆರ್ಗೋಲಾದ ನೆರಳು ಪಟ್ಟೆಪಟ್ಟೆಯಾಗಿ ಬಿದ್ದಿತ್ತು. ಆ ನೆರಳಿನ ಬೇರು ಎಲ್ಲಿದೆಯೆಂದು ನನಗೆ ತಿಳಿಯಲು ಇಷ್ಟು ವರ್ಷ ಬೇಕಾಯಿತು.

ಮಧ್ಯಾಹ್ನ ಎದುರಿನ ಮಾಡರ್ನ್‌ಗೆ ಹೋದೆವು. ಅಲ್ಲಿನವರು ಅದನ್ನು ಹಾಗೇ, ಬರೀ ‘ಮಾಡರ್ನ್’ ಎಂದು ಕರೆಯುತ್ತಾರೆ. ಸಂಸ್ಥೆ ಮಾತ್ರ ಹಳೆಯದು, 1892ರದು, ಇಡೀ ಟೆಕ್ಸಸ್‌ನಲ್ಲೇ ಹಳೆಯ ಮ್ಯೂಸಿಯಂ ಅದು. ಎರಡನೇ ಮಹಾಯುದ್ಧದ ನಂತರದ ಕಲೆಯೇ ಅದರ ಮುಖ್ಯ ಸಂಗ್ರಹ. ಹೊಸ ಕಟ್ಟಡಕ್ಕಾಗಿ ಆರು ವಾಸ್ತುಶಿಲ್ಪಿಗಳನ್ನು ಕರೆದು ಸ್ಪರ್ಧೆ ನಡೆಸಿ 1997ರಲ್ಲಿ ಆಂಡೊ ಅವರನ್ನು ಆರಿಸಿದರು. ಆಂಡೊ ವಾಸ್ತುಶಿಲ್ಪದ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಹುಟ್ಟಿದ್ದು 1941ರಲ್ಲಿ ಒಸಾಕಾದಲ್ಲಿ. ಅಜ್ಜಿಯ ಹತ್ತಿರ ಬೆಳೆದು, ಬಡಗಿಯ ಕೆಲಸ ನೋಡಿ ಕಲಿತು, ಕೆಲಕಾಲ ಬಾಕ್ಸಿಂಗ್ ಆಡಿ, ಪುಸ್ತಕ ಓದಿ ಊರೂರು ಸುತ್ತಿ ಕಟ್ಟಡ ಕಟ್ಟುವುದನ್ನು ತಾವೇ ಕಲಿತವರು. 1995ರಲ್ಲಿ ಅವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಹಲಗೆ ಹೊಡೆಯುತ್ತಲೇ ಕಲಿತ ಮೇಸ್ತ್ರಿಯ ಮಗನಾದ ನನಗೆ ಈ ಸಂಗತಿ ಎಷ್ಟು ಹತ್ತಿರದ್ದೆಂದು ಹೇಳಬೇಕಿಲ್ಲ.

ಕಿಂಬೆಲ್ ಸೂರಿನ ಕಟ್ಟಡವಾದರೆ ಮಾಡರ್ನ್ ನೀರಿನ ಕಟ್ಟಡ. ಒಂದೂವರೆ ಎಕರೆಯ ಕೊಳ. ಅದರ ಅಂಚಿಗೇ, ಕಾಲು ನೀರಲ್ಲಿಟ್ಟು ಕೂತವರಂತೆ, ಚಪ್ಪಟೆ ಸೂರಿನ ಐದು ಉದ್ದನೆಯ ಮಂಟಪಗಳು. ನೀರಿನ ಕಡೆಗೆ 40 ಅಡಿ ಎತ್ತರದ ಗಾಜಿನ ಗೋಡೆ. ಮುಂಚಾಚಿದ ಕಾಂಕ್ರೀಟ್ ಸೂರನ್ನು ಹೊತ್ತು ನಿಂತ ಕಂಬಗಳು ಕವೆಯ ಆಕಾರದವು. ಹಳ್ಳಿಯಲ್ಲಿ ಚಪ್ಪರಕ್ಕೆ ಕವೆಗಂಬ ನೆಡುತ್ತೇವಲ್ಲ, ಅದೇ ರೂಪ, 40 ಅಡಿ ಎತ್ತರದಲ್ಲಿ. ಸಂಜೆ ದೀಪ ಹತ್ತಿದ ಮೇಲೆ ಕಂಬಗಳ ನೆರಳು ನೀರಿನಲ್ಲಿ ಇಳಿದು ಕಟ್ಟಡ ಎರಡರಷ್ಟಾಗುತ್ತದೆ.

ಚಿತ್ರಗಳಿರುವ ಕೋಣೆಗಳು ಕಾಂಕ್ರೀಟ್ ಪೆಟ್ಟಿಗೆಗಳೊಳಗಿವೆ. ಪೆಟ್ಟಿಗೆಯ ಸುತ್ತ ನಡೆದಾಡುವಷ್ಟು ಜಾಗ ಬಿಟ್ಟು ಅದರಾಚೆಗೆ ಗಾಜು. ಜಪಾನಿನ ಹಳೇ ಮನೆಗಳಲ್ಲಿ ಒಳಗೂ ಅಲ್ಲದ ಹೊರಗೂ ಅಲ್ಲದ ಇಂಥ ಜಾಗಕ್ಕೆ ಎಂಗಾವಾ ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಜಗಲಿ ಎಂಬ ಮಾತಿದೆ. ಒಂದು ಕೋಣೆ ನೋಡಿ ಮುಗಿಸಿ ಹೊರಬಂದರೆ ಜಗಲಿ, ಎದುರಿಗೆ ನೀರು, ನೀರಿನ ಮೇಲೆ ಆಕಾಶ. ಕಣ್ಣಿಗೆ ದಣಿವಾಗುವುದಿಲ್ಲ. ಮ್ಯೂಸಿಯಂ ಸುತ್ತಿ ಸುಸ್ತಾಗಿ ಬೆಂಚು ಹುಡುಕುವ ನಮ್ಮ ಮನೆಯವರು ಅವತ್ತು ಒಂದು ಸಲವೂ ಮನೆಗೆ ಹೋಗೋಣ ಎನ್ನಲಿಲ್ಲ.

ಏಳು ವರ್ಷದ ಮೊಮ್ಮಗಳು ಗೋಡೆಯ ಹತ್ತಿರ ನಿಂತು ಕೇಳಿದಳು: “ಅಜ್ಜ, ಈ ಗೋಡೆ ತುಂಬ ರೌಂಡ್ ರೌಂಡ್ ಹೋಲ್ ಯಾಕಿದೆ? ಯಾರು ಮಾಡಿದ್ದು?” ನನ್ನ ಜೀವಮಾನದಲ್ಲಿ ಇಷ್ಟು ಖುಷಿ ಕೊಟ್ಟ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕಾಂಕ್ರೀಟ್ ಗೋಡೆ ಎಂದರೆ ಎದುರುಬದುರು ಎರಡು ಹಲಗೆ ನಿಲ್ಲಿಸಿ ನಡುವೆ ಹಸಿ ಕಾಂಕ್ರೀಟ್ ಸುರಿಯುವುದು. ಆ ಭಾರಕ್ಕೆ ಹಲಗೆಗಳು ಹೊರಕ್ಕೆ ಉಬ್ಬದಂತೆ ಎರಡನ್ನೂ ಸೇರಿಸಿ ಕಬ್ಬಿಣದ ಸಲಾಕೆಯಿಂದ ಬಿಗಿಯುತ್ತಾರೆ. ಹಲಗೆ ಬಿಚ್ಚಿದಾಗ ಸಲಾಕೆ ಇದ್ದ ಜಾಗ ತೂತಾಗಿ ಉಳಿಯುತ್ತದೆ. ನಾವೆಲ್ಲ ಅದಕ್ಕೆ ಸಿಮೆಂಟ್ ಮೆತ್ತಿ ಮರೆಸುತ್ತೇವೆ. ಆಂಡೊ ಮರೆಸುವುದಿಲ್ಲ. ಯಾವ ತೂತು ಎಲ್ಲಿ ಬರಬೇಕೆಂದು ಮೊದಲೇ ಗೆರೆ ಹಾಕಿ, ಹಲಗೆಗಳ ಸಂದಿಗೂ ತೂತಿಗೂ ಅಳತೆ ಕೂಡಿಸಿ, ರಂಗೋಲಿಯ ಚುಕ್ಕಿಯಂತೆ ಸಾಲಾಗಿ ಉಳಿಸುತ್ತಾರೆ. ಅವರ ಹಲಗೆಯ ಅಳತೆ ಸಾಮಾನ್ಯವಾಗಿ ಜಪಾನಿನ ತಟಾಮಿ ಚಾಪೆಯಷ್ಟು, ಸುಮಾರು 3 ಅಡಿಗೆ 6 ಅಡಿ. ಇದಕ್ಕೂ ಮೊದಲು ಕಾನ್ ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಶೋಧನಾ ಕೇಂದ್ರದಲ್ಲಿ ಇಂಥ ತೂತುಗಳಿಗೆ ಸೀಸದ ಬಿರಡೆ ಹಾಕಿಸಿ ಕಾಣುವಂತೆ ಬಿಟ್ಟಿದ್ದರು. ಮೊಮ್ಮಗಳಿಗೆ ಇಷ್ಟೆಲ್ಲ ಹೇಳಲಿಲ್ಲ. “ನಿನ್ನ ಮುತ್ತಜ್ಜ ಇಂಥ ತೂತು ಸಾವಿರಾರು ಮಾಡಿದ್ರು ಪುಟ್ಟಿ, ಆಮೇಲೆ ಯಾರೋ ಬಂದು ಮುಚ್ಚಿಬಿಟ್ರು” ಎಂದೆ. ಅವಳು ಗೋಡೆಯ ಉದ್ದಕ್ಕೂ ಎಣಿಸುತ್ತಾ ಹೋದಳು.

ಇಂಥ ಗೋಡೆಗೆ ಎಷ್ಟು ಶಿಸ್ತು ಬೇಕೆಂಬುದು ಕೆಲಸ ಮಾಡಿದವರಿಗೇ ಗೊತ್ತು. ಹಲಗೆಯ ಸಂದಿಯಲ್ಲಿ ಕೂದಲೆಳೆ ಬಿರುಕಿದ್ದರೆ ಸಿಮೆಂಟ್ ಹಾಲು ಸೋರಿ ಕಲೆಯಾಗುತ್ತದೆ. ವೈಬ್ರೇಟರ್ ಕಮ್ಮಿ ಆಡಿಸಿದರೆ ಜೇನುಗೂಡು, ಹೆಚ್ಚಾದರೆ ಜಲ್ಲಿ ಕೆಳಗೆ ಕೂತು ಮೇಲೆ ನೀರು. ಎರಡು ದಿನ ಎರಡು ಬೇರೆ ಲೋಡ್ ಮರಳು ಬಂದರೆ ಗೋಡೆಯ ಬಣ್ಣವೇ ಎರಡಾಗುತ್ತದೆ. ಒಮ್ಮೆ ತಪ್ಪಿದರೆ ತಿದ್ದುವ ದಾರಿಯಿಲ್ಲ, ಒಡೆಯಬೇಕಷ್ಟೆ. ಗಿಲಾವು ಇಲ್ಲವೆಂದ ಕೂಡಲೇ ಮೇಸ್ತ್ರಿಯಿಂದ ಹಿಡಿದು ನೀರು ಹೊಯ್ಯುವವರ ತನಕ ಪ್ರತಿಯೊಬ್ಬರ ಕೈಯೂ ಶಾಶ್ವತವಾಗಿ ಕಾಣಿಸಿಕೊಳ್ಳುತ್ತದೆ. ಮಾಡರ್ನ್‌ನ ಗೋಡೆಯನ್ನು ನಾನು ಒಂದು ಚಿತ್ರವನ್ನು ನೋಡಿದಷ್ಟೇ ಹೊತ್ತು ನೋಡಿದೆ. ಕಲಾಕೃತಿಯ ಪಕ್ಕದಲ್ಲಿ ಕಲಾವಿದರ ಹೆಸರಿನ ಚೀಟಿ ಇರುತ್ತದೆ, ಗೋಡೆಯ ಪಕ್ಕದಲ್ಲಿ ಇರುವುದಿಲ್ಲ. ಇರಬೇಕೆಂಬುದು ನನ್ನ ಆಸೆ.

ಆ ಕಟ್ಟಡದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಕಲಾಕೃತಿ ಒಂದು ಏಣಿ. ಮಾರ್ಟಿನ್ ಪರ್ಯಿಯರ್ ಎಂಬ ಆಫ್ರಿಕನ್ ಅಮೆರಿಕನ್ ಶಿಲ್ಪಿ 1996ರಲ್ಲಿ ಮಾಡಿದ್ದು; ಹೆಸರು ‘ಬುಕರ್ ಟಿ. ವಾಷಿಂಗ್ಟನ್‌ಗಾಗಿ ಏಣಿ’. ಎಳೆಯ ಮರವನ್ನು ಉದ್ದಕ್ಕೆ ಸೀಳಿ ಮಾಡಿದ 36 ಅಡಿಯ ಏಣಿ, ಮರ ಬೆಳೆದ ಹಾಗೇ ಅಂಕುಡೊಂಕು. ನೆಲ ಮುಟ್ಟದೆ ಗಾಳಿಯಲ್ಲಿ ತೂಗಿಬಿಟ್ಟಿದ್ದಾರೆ. ಕೆಳಗೆ ಎರಡಡಿಯ ಹತ್ತಿರವಿರುವ ಅಗಲ ಮೇಲೆ ಹೋಗುತ್ತ ಹೋಗುತ್ತ ಒಂದಂಗುಲಕ್ಕಿಂತ ಚೂರು ಹೆಚ್ಚಷ್ಟೆ. ಹಾಗಾಗಿ ಅದು ಇರುವುದಕ್ಕಿಂತ ಎಷ್ಟೋ ಪಾಲು ಎತ್ತರವಾಗಿ ಕಾಣುತ್ತದೆ. ಗುಲಾಮನಾಗಿ ಹುಟ್ಟಿ ಕರಿಯರಿಗಾಗಿ ವಿದ್ಯಾಸಂಸ್ಥೆ ಕಟ್ಟಿದವರು ವಾಷಿಂಗ್ಟನ್. ಆ ಏಣಿಯ ಮೊದಲ ಮೆಟ್ಟಿಲೇ ಕಾಲಿಗೆ ಎಟುಕುವುದಿಲ್ಲ, ಕೊನೆಯ ಮೆಟ್ಟಿಲಲ್ಲಿ ಪಾದ ಇಡಲು ಜಾಗವಿಲ್ಲ. ಬಿದಿರೇಣಿಯ ಮೇಲೆ ತಲೆಯಲ್ಲಿ ಬಾಂಡ್ಲಿ ಹೊತ್ತು ದಿನಕ್ಕೆ ನೂರು ಸಲ ಏರುತ್ತಿದ್ದ ಹೆಣ್ಣಾಳುಗಳು ನನ್ನ ಕಣ್ಣ ಮುಂದೆ ಬಂದರು. ಇಂಥ ಏಣಿಯನ್ನು ತಗ್ಗು ಸೂರಿನ ಕೋಣೆಯಲ್ಲಿ ತೂಗುಹಾಕಿದರೆ ಅದು ಬರೀ ಮರದ ತುಂಡು. ಅದಕ್ಕೆ ತಕ್ಕ ಎತ್ತರವನ್ನು ಇಲ್ಲಿ ಕಟ್ಟಡ ಕೊಟ್ಟಿದೆ.

ಇನ್ನೊಂದು ಕಡೆ ಅಂಡಾಕಾರದ ಒಂದು ಕೋಣೆಯಲ್ಲಿ ಜರ್ಮನಿಯ ಆನ್ಸೆಲ್ಮ್ ಕೀಫರ್ ಅವರ ರೆಕ್ಕೆಯ ಪುಸ್ತಕ: ವ್ಯಾಸಪೀಠದ ಮೇಲೆ ತೆರೆದಿಟ್ಟ ಸೀಸದ ಗ್ರಂಥ, ಅದರ ಎರಡೂ ಬದಿಗೆ ದೊಡ್ಡ ರೆಕ್ಕೆ. ಗರ್ಭಗುಡಿಯಂಥ ಕೋಣೆ ಅದು, ಒಂದೇ ವಸ್ತು. ಹೊರಗೆ ಹುಲ್ಲಿನ ಮೇಲೆ ರಿಚರ್ಡ್ ಸೆರ್ರಾ ಅವರ 67 ಅಡಿ ಎತ್ತರದ ಉಕ್ಕಿನ ಶಿಲ್ಪ, ಒಂದಕ್ಕೊಂದು ಒರಗಿ ನಿಂತ ಏಳು ತುಕ್ಕುಬಣ್ಣದ ಹಲಗೆಗಳು. ತುಕ್ಕು ನನ್ನ ಕಸುಬಿನ ಶತ್ರು, ಆದರೆ ಈ ಜಾತಿಯ ಉಕ್ಕಿಗೆ ಮೇಲಿನ ತುಕ್ಕೇ ಒಳಗಿನ ರಕ್ಷಣೆ. ಒಳಗೆ ಹೋಗಿ ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಸದ್ದು ಸುತ್ತಿ ಸುತ್ತಿ ಮೇಲಕ್ಕೇರಿತು.

ಮುಂದಿನ ವಾರ ನಾನು ಹಟ ಮಾಡಿ ಮತ್ತೆ ಕಿಂಬೆಲ್‌ಗೆ ಹೋದೆ. ಈ ಸಲ ಪಶ್ಚಿಮದ ಕಡೆಯಿಂದ. ಕಾನ್ ಬಯಸಿದ್ದು ಆ ದಾರಿಯನ್ನು: ಸಣ್ಣ ಎಲೆಯ ಹಾಲಿ ಮರಗಳ ತೋಪಿನ ನೆರಳಲ್ಲಿ ನಡೆದು, ಪಕ್ಕದ ಕೊಳಗಳಲ್ಲಿ ನೀರು ಬೀಳುವ ಸದ್ದು ಕೇಳುತ್ತ, ತೆರೆದ ಕಮಾನಿನಡಿ ಹಾದು ಒಳಹೋಗುವುದು. ಕಾರಿನ ಊರಾದ್ದರಿಂದ ಜನ ಹಿಂದಿನ ಬಾಗಿಲನ್ನೇ ಮುಂಬಾಗಿಲು ಮಾಡಿಕೊಂಡಿದ್ದರು. 2013ರಲ್ಲಿ ಇಟಲಿಯ ರೆಂಜೊ ಪಿಯಾನೊ ಎದುರಿಗೇ ಇನ್ನೊಂದು ಕಟ್ಟಡ ಕಟ್ಟಿದಾಗ ಅದರಡಿ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಲು ಜಾಗ ಮಾಡಿದರು. ಅಲ್ಲಿಂದ ಮೇಲೆ ಬಂದವರಿಗೆ ಈಗ ಕಾನ್ ಕಟ್ಟಡದ ನಿಜವಾದ ಮುಖ ಕಾಣುತ್ತದೆ. ಕಾನ್ ಎದುರಿನ ಹುಲ್ಲುಗಾವಲು ಹೋಯಿತೆಂದು ಆಗ ಅನೇಕರು ನೊಂದುಕೊಂಡರು. ಆ ನೋವು ನನಗೆ ಅರ್ಥವಾಗುತ್ತದೆ. ಆದರೂ ಮರಗಳ ನಡುವಿನ ಆ ದಾರಿ ಜನರ ಕಾಲಿಗೆ ಮರಳಿ ಸಿಕ್ಕಿತಲ್ಲ, ಅದಕ್ಕಾಗಿ ಪಿಯಾನೊ ಅವರಿಗೆ ನಾನು ಋಣಿ.

ಬೆಳಕು ಕಟ್ಟಡದ ಸ್ವಂತ ಆಸ್ತಿಯಲ್ಲ ಎಂಬುದಕ್ಕೆ ಡಲ್ಲಾಸ್‌ನಲ್ಲೇ ಒಂದು ಉದಾಹರಣೆಯಿದೆ. ಪಿಯಾನೊ ಅಲ್ಲಿ ಕಟ್ಟಿದ ನ್ಯಾಶರ್ ಶಿಲ್ಪ ಕೇಂದ್ರ 2003ರಲ್ಲಿ ತೆರೆಯಿತು. ಉತ್ತರದ ತಂಪು ಬೆಳಕನ್ನಷ್ಟೇ ಒಳಗೆ ಬಿಡುವ ಗಾಜಿನ ಸೂರು ಅದರದು. ಹತ್ತು ವರ್ಷದೊಳಗೆ ಪಕ್ಕದಲ್ಲಿ 42 ಅಂತಸ್ತಿನ ಗಾಜಿನ ವಸತಿ ಗೋಪುರ ಎದ್ದಿತು. ಗೋಪುರದ ಗಾಜಿಗೆ ಬಡಿದ ಬಿಸಿಲು ಉತ್ತರದ ಕಡೆಯಿಂದಲೇ ಮ್ಯೂಸಿಯಂ ಒಳಗೆ ಬೀಳತೊಡಗಿತು, ದೊಡ್ಡ ವಿವಾದವಾಯಿತು. ನಮ್ಮ ಊರುಗಳಲ್ಲೂ ಗಾಜು ಹೊದಿಸಿದ ಕಟ್ಟಡಗಳಿಗೆ ಅನುಮತಿ ಕೊಡುವವರು ಈ ಸಂಗತಿಯನ್ನು ತಿಳಿದಿರಬೇಕು.

ಟೆಕ್ಸಸ್‌ಗೆ ಹೋಗಲಾಗದವರಿಗೆ ಬೆಂಗಳೂರಿನಲ್ಲೇ ನೋಡಲು ಇದೆ. ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಹಳೆ ಮನೆಗೆ ಹೊಸ ಕಟ್ಟಡವನ್ನು ಎಷ್ಟು ವಿನಯದಿಂದ ಸೇರಿಸಿದ್ದಾರೆಂದು ಗಮನಿಸಿ. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ ಮ್ಯೂಸಿಯಂನ ಹೊರಮೈಗೆ ಉಬ್ಬುಗೆರೆಯ ಸ್ಟೀಲ್ ಹಲಗೆಗಳು. ಉಕ್ಕಿನ ನೀರಿನ ಟ್ಯಾಂಕುಗಳನ್ನು ನೆನಪಿಸುವಂಥವು. ಮ್ಯಾಪ್ ಕಟ್ಟಡವನ್ನು ವಿನ್ಯಾಸ ಮಾಡಿದವರು ಬೆಂಗಳೂರಿನ ಮ್ಯಾಥ್ಯೂ ಅಂಡ್ ಘೋಷ್ ಸಂಸ್ಥೆಯವರು. ಚಿತ್ರ ನೋಡಲು ಹೋದಾಗ ಹತ್ತು ನಿಮಿಷ ಸೂರನ್ನೂ ನೋಡಿ, ಬೆಳಕು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ.

ಡಲ್ಲಾಸ್ ಸುತ್ತಮುತ್ತ ಮಕ್ಕಳ ಮನೆಗೆ ಹೋಗುವ ನಮ್ಮಂಥ ಅಪ್ಪ ಅಮ್ಮಂದಿರು ಬಹಳ. ಮಾಲ್‌ಗಳನ್ನು ಎರಡು ದಿನದಲ್ಲಿ ನೋಡಿ ಮುಗಿಸಬಹುದು. ಒಂದು ದಿನ ಫೋರ್ಟ್ ವರ್ತ್‌ಗೆ ಕರೆದುಕೊಂಡು ಹೋಗಿರೆಂದು ಮಕ್ಕಳಿಗೆ ಹೇಳಿ. ಕಿಂಬೆಲ್‌ನ ಸ್ವಂತ ಸಂಗ್ರಹ ನೋಡಲು ಟಿಕೆಟ್ ಇಲ್ಲ. ಮರಗಳ ಕಡೆಯಿಂದ ಒಳಗೆ ಹೋಗಿ, ಮಧ್ಯಾಹ್ನ ಮೂರರ ಮೇಲೆ ಹೋದರೆ ಒಳ್ಳೆಯದು. ಸಂಜೆಯ ಹೊತ್ತಿಗೆ ಎದುರಿನ ಕೊಳದ ಬಳಿ ಇರಿ. ಸೋಮವಾರ ಮಾತ್ರ ಬೇಡ, ಎರಡಕ್ಕೂ ರಜೆ.